ಅರ್ಧಕ್ಕೆ ಬತ್ತಿಸಿದ ನೀರು

ತೋಮಾ ಅತ್ತ, ಆದರೆ ಕಣ್ಣಲ್ಲಿ ನೀರು ಬರಲಿಲ್ಲ. ತೆರೇತಿಯಾ ಮಡಿಲಲ್ಲಿದ್ದ ಮಗನ ಕೆನ್ನೆ ಸವರಿ ನೋಡಿದಳು. ಒಣಗಿತ್ತು. ಎರಡು ದಿನದಿಂದ ಭೇದಿ. ಬೆಳಿಗ್ಗೆಯಿಂದ ನರ್ಸ್ ಕೊಟ್ಟ ಪುಡಿಯ ನೀರು ಅರ್ಧ ಬಾಟಲಿ ಕುಡಿದಿದ್ದ. ಕುಡಿದಷ್ಟೂ ಅವನ ಬಾಯಾರಿಕೆ ಹೆಚ್ಚುತ್ತಿತ್ತು. ಹಕ್ಕಿಮರಿಯ ಹಾಗೆ ಮತ್ತೆ ಬಾಯಿ ತೆರೆದ.

“ಕೊಡು, ಕೇಳ್ತಿದಾನಲ್ಲ,” ಅತ್ತೆ ತರಬ್ವೇನಾ ಒಲೆಯ ಬಳಿಯಿಂದ ಹೇಳಿದಳು.

ತೆರೇತಿಯಾ ಬಾಟಲಿಯಿಂದ ಒಂದು ಹನಿ ನಾಲಿಗೆಗೆ ಬಿಟ್ಟುಕೊಂಡಳು. “ಅತ್ತೆ, ಇದು ಉಪ್ಪುಪ್ಪು ಅನ್ಸುತ್ತೆ.”

“ಔಷಧಿ ಮತ್ತೆ ಹೇಗಿರುತ್ತೆ? ಪುಡಿಯೊಳಗೇ ಉಪ್ಪಿದೆ, ಸಕ್ಕರೆ ಇದೆ. ಒಂದು ಲೀಟರ್ ನೀರು ಕಾಯಿಸಿ ಹಾಕು ಅಂದ್ಲು ನರ್ಸು. ನಾನು ಬರೀ ಕಾಯಿಸ್ಲಿಲ್ಲ, ಗಟ್ಟಿಯಾಗಿರ್ಲಿ ಅಂತ ಅರ್ಧಕ್ಕೆ ಬತ್ತಿಸಿದೀನಿ. ಆರನೇ ಕ್ಲಾಸಿಗೆ ಶಾಲೆ ಬಿಟ್ಟೋಳು ಈಗ ನಂಗೆ ಔಷಧಿ ಹೇಳ್ಕೊಡ್ತೀಯಾ?”

ಗದರಿದರೂ ಅತ್ತೆಯ ಕಣ್ಣು ಕೆಂಪಾಗಿತ್ತು. ಎರಡು ದಿನದಿಂದ ಅವಳು ಮಲಗಿರಲಿಲ್ಲ. ಉರಿಬಿಸಿಲಿನಲ್ಲಿ ನಡೆದುಹೋಗಿ ಪುಡಿಯ ಎರಡು ಪೊಟ್ಟಣ ತಂದವಳೂ ಅವಳೇ. ಆ ನರ್ಸ್ ಈಗ ದೋಣಿ ಹತ್ತಿ ಆಚೆ ದಡದ ಹಳ್ಳಿಗೆ ಹೋಗಿದ್ದಳು, ಬರುವುದು ಸಂಜೆಗೆ. ಇನ್ನು ನೀರಿನ ಮಾತೆತ್ತುವುದೆಂದರೆ ಬಾವಿಯ ಮಾತೆತ್ತಿದಂತೆ. ಅಬಯಾಂಗ್ ದ್ವೀಪದ ಈ ತುದಿಯಲ್ಲಿ ಮಳೆ ಕೈಕೊಟ್ಟಾಗಲೆಲ್ಲ ಇಡೀ ಮನೆಸಾಲಿನವರು ಕೊಡ ಹಿಡಿದು ಬರುತ್ತಿದ್ದದ್ದು ತರಬ್ವೇನಾಳ ಬಾವಿಗೆ. ಮೂರು ವಾರದ ಹಿಂದೆ ಸಮುದ್ರದ ದೊಡ್ಡ ಉಬ್ಬರ ದಿಬ್ಬ ದಾಟಿ ಒಳಗೆ ಬಂದಿತ್ತು. ಅತ್ತೆ ಬಾವಿಯನ್ನು ಎರಡು ಸಲ ತೋಡಿ ಚೆಲ್ಲಿಸಿ, ಸಿಹಿಯಾಯಿತು ಅಂದಿದ್ದಳು. ದಿನಾ ಅದನ್ನೇ ಕುಡಿಯುವ ನಾಲಿಗೆಗೂ ಹಾಗೇ ಅನಿಸಿತ್ತು.

ಆದರೆ ತೆರೇತಿಯಾ ನೋಡಬಾರದ್ದನ್ನು ನೋಡಿದ್ದಳು. ಬಾವಿಯ ಹಿಂದೆ, ಕೇದಗೆ ಚಾಪೆಗಳ ಮರೆಯಲ್ಲಿ ಅತ್ತೆಯ ಕೆಸುವಿನ ಗುಂಡಿ ಇತ್ತು, ಬಾವಿಯಂತೆಯೇ ನೆಲದಡಿಯ ನೀರು ಸಿಗುವವರೆಗೆ ತೋಡಿದ್ದು. ಅದಕ್ಕೆ ಗೊಬ್ಬರವಾಗಿ ಯಾವ ಸೊಪ್ಪು ಹಾಕುತ್ತಾರೆ, ಯಾವಾಗ ಹಾಕುತ್ತಾರೆ ಎಂಬುದು ಆ ಮನೆತನದ ಗುಟ್ಟು. ಬೇರೆ ಮನೆಯಿಂದ ಬಂದವಳು ಅಲ್ಲಿ ಇಣುಕುವಂತಿಲ್ಲ. ಮದುವೆಯಾದ ನಾಲ್ಕು ವರ್ಷದಲ್ಲಿ ಅವಳು ಆ ಕಡೆ ತಲೆ ತಿರುಗಿಸಿದವಳಲ್ಲ. ಕಳೆದ ವಾರ ಹಂದಿಮರಿ ಚಾಪೆ ಹರಿದಾಗ ಮಾತ್ರ ಕಣ್ಣಿಗೆ ಬಿದ್ದಿತ್ತು. ಹಿಂದಿನ ವರ್ಷ ಇದೇ ಊರಲ್ಲಿ, ಗುಂಡಿ ಇಣುಕಿದಳೆಂದು ಒಬ್ಬ ಸೊಸೆಯನ್ನು ಚಾಪೆ ಸುತ್ತಿಕೊಟ್ಟು ತವರಿಗೆ ಕಳಿಸಿದ್ದರು.

ತೋಮಾನ ತಲೆ ತೋಳಿನ ಮೇಲೆ ವಾಲಿತು. ಈಗ ಅವನು ಅಳುತ್ತಲೂ ಇರಲಿಲ್ಲ.

“ಅತ್ತೆ, ನಾನು ಗುಂಡಿ ನೋಡಿದೆ.”

ಒಲೆಯ ಬಳಿ ಸದ್ದು ನಿಂತಿತು. “ಯಾವ ಗುಂಡಿ?”

“ನಮ್ಮ... ನಿಮ್ಮ ಗುಂಡಿ. ಹಂದಿಮರಿ ಚಾಪೆ ಹರೀತಲ್ಲ, ಅವತ್ತು.”

ಅತ್ತೆ ತಿರುಗಿ ನೋಡಿದಳು. ತೆರೇತಿಯಾ ತಲೆ ಎತ್ತದೆ, ಮಗನ ಒಣಗಿದ ತುಟಿಯನ್ನೇ ನೋಡುತ್ತ ಹೇಳಿದಳು. “ಕೆಸು ಮೊಣಕಾಲುದ್ದ ನೀರಲ್ಲಿ ನಿಂತಿದೆ. ಆದ್ರೂ ಎಲೆ ಬಾಯಾರಿ ಜೋತುಬಿದ್ದಿದೆ. ಮೀನಿಗೆ ಉಪ್ಪು ಸವರಿಟ್ರೆ ಒಳಗಿನ ನೀರೆಲ್ಲ ಹೊರಗೆ ಬರಲ್ವಾ ಅತ್ತೆ? ಹಾಗೇ ಅದೂ. ಆ ನೀರು ಬೇರಿಗೆ ಕುಡಿಸ್ತಿಲ್ಲ, ಬೇರಿಂದ ಹೀರ್ತಿದೆ. ಬಾವೀಲಿರೋದೂ ಅದೇ ನೀರು. ನೀವು ಬತ್ತಿಸಿದಾಗ ನೀರು ಹಬೆಯಾಗಿ ಹೋಯ್ತು. ಉಪ್ಪು ಎಲ್ಲಿಗೆ ಹೋಗುತ್ತೆ?”

ಮದುವೆಯಾಗಿ ಬಂದಮೇಲೆ ಅವಳು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದು ಅದೇ ಮೊದಲು.

ತರಬ್ವೇನಾ ಬಂದು ಮೊಮ್ಮಗನ ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಳು. ಅದು ಮಡಿಕೆಯಾಗಿ ಹಾಗೇ ನಿಂತಿತು. ಬಾಟಲಿ ಎತ್ತಿಕೊಂಡು ಹೊರಗೆ ಚೆಲ್ಲಿದಳು. ಎರಡು ಖಾಲಿ ಡಬ್ಬಿ ಹಿಡಿದು, ಸೊಸೆಯ ಮುಖ ನೋಡದೆ, ಚರ್ಚಿನ ಮಳೆನೀರಿನ ಟ್ಯಾಂಕಿನ ಕಡೆ ನಡೆದಳು. ದಾರಿಯಲ್ಲಿ ಪಕ್ಕದ ಮನೆಯವಳ ನಗು ತೆರೇತಿಯಾಳಿಗೆ ಕೇಳಿಸಿತು.

“ಏನು ತರಬ್ವೇನಾ, ನೀನೂ ಡಬ್ಬಿ ಹಿಡಿದ್ಯಾ? ಬಾವಿಗೇನಾಯ್ತೇ?”

“ಸತ್ತೋಯ್ತು,” ಅಂದಳು ಅತ್ತೆ, ಸಾಲಿನವರಿಗೆಲ್ಲ ಕೇಳುವಂತೆ. “ನಗ್ತಾ ಕೂರ್ಬೇಡ. ನೀನೂ ಒಂದ್ಸಲ ನಿನ್ನ ಗುಂಡಿಗೆ ಹೋಗಿ ನೋಡ್ಕೋ.”

ಮಳೆನೀರು ಒಂದು ಕುದಿ ಬರುತ್ತಲೇ ಇಳಿಸಿ ಆರಿಸಿದರು. ಲೀಟರ್ ಬಾಟಲಿಗೆ ಕತ್ತಿನವರೆಗೆ ತುಂಬಿಸಿ, ಎರಡನೇ ಪೊಟ್ಟಣ ಬಿಚ್ಚಿ ಹಾಕಿದರು. ಚಮಚ ಹಿಡಿದು ಗುಟುಕು ಗುಟುಕಾಗಿ ಕುಡಿಸುತ್ತ ಇಬ್ಬರೂ ಕೂತರು. ಅತ್ತೆ ಗುಂಡಿಯ ಮಾತೆತ್ತಲಿಲ್ಲ. ಯಾವಾಗ ಎತ್ತುತ್ತಾಳೋ ಎಂದು ತೆರೇತಿಯಾ ಕಾಯುತ್ತಲೇ ಇದ್ದಳು. ಸಂಜೆ ನರ್ಸ್ ಬಂದು ನಾಡಿ ಹಿಡಿದು, ಹೀಗೇ ಕೊಡುತ್ತಿರಿ, ರಾತ್ರಿ ಮತ್ತೆ ಬರುತ್ತೇನೆ ಎಂದು ಹೋದಳು.

ಅವಳು ಅತ್ತ ಹೋಗುತ್ತಲೇ ತೋಮಾ ಅಜ್ಜಿಯ ಚಾಪೆಯ ಮೇಲೆ ಒಂದಿಷ್ಟು ಉಚ್ಚೆ ಹೊಯ್ದ. ಒರೆಸಲೆಂದು ಚಮಚ ಕೆಳಗಿಟ್ಟದ್ದಕ್ಕೆ ಸಿಟ್ಟು ಬಂದು ಜೋರಾಗಿ ಅತ್ತ. ಕೆನ್ನೆಯ ಮೇಲೆ ಹನಿಯೊಂದು ಇಳಿಯಿತು.

ತರಬ್ವೇನಾ ಅದನ್ನು ಬೆರಳ ತುದಿಗೆ ಒತ್ತಿಕೊಂಡು ನಾಲಿಗೆಗೆ ಇಟ್ಟುಕೊಂಡಳು. ಸೊಸೆಯ ಕಡೆ ತಿರುಗಿದಳು.

“ನಮ್ಮ ಬಾವಿಗಿಂತ ಇದೇ ಸಿಹಿ ಕಣೇ.”