ಚಂದಮ್ಮ ಗುರುತು ಹಿಡಿದ ಚಳಿ

ಮೇ ತಿಂಗಳ ಕಲಬುರಗಿ. ಕೋರ್ಟಿನ ಫ್ಯಾನು ಬಿಸಿಗಾಳಿಯನ್ನೇ ತಿರುವಿ ಹಾಕುತ್ತಿತ್ತು. ಕಲ್ಲಿದ್ದಲು ಸುಟ್ಟು ಊರಿನ ಚಳಿಗಾಲವನ್ನೇ ನುಂಗಿದ್ದ ಕಂಪನಿಯಿಂದ ಜಪ್ತಿ ಮಾಡಿದ ಚಳಿಯ ಪೆಟ್ಟಿಗೆಯನ್ನು ಅಮೀನರು ತಂದು ಮೇಜಿನ ಮೇಲಿಟ್ಟರು. ಕಳುವಾದ ಒಡವೆಯ ಹಾಗೆ, ಕಳುವಾದ ಚಳಿಯನ್ನೂ ವಾರಸುದಾರರೇ ಗುರುತು ಹಿಡಿದು ಒಯ್ಯಬೇಕು. ತಪ್ಪಿದರೆ ಅದು ಕಂಪನಿಗೇ ವಾಪಸು. ಅದಕ್ಕೆಂದೇ ಓಣಿಯವರೆಲ್ಲ ಸೇರಿ ರೊಟ್ಟಿ ಮಾಡುವ ಚಂದಮ್ಮನನ್ನು ಕಳಿಸಿದ್ದರು. ಊರಲ್ಲಿ ಯಾರೂ ಕೌದಿ ಹೊದ್ದು ಹನ್ನೊಂದು ವರ್ಷವಾಗಿತ್ತು.

ಆಕೆ ಮುಚ್ಚಳ ಸರಿಸಿ ಮೂಗೊಡ್ಡಿದಳು. ಮುಖ ಅರಳಿತು.

“ನಮ್ದೇ ಅದರಿ ಸಾಹೇಬ್ರ! ಎಳ್ಳಮವಾಸಿ ದಿನ ಹೊಲದಾಗ ಕುಂತು ಸಜ್ಜಿ ರೊಟ್ಟಿ, ಭಜ್ಜಿ ತಿಂತಿದ್ದೆವಲ್ಲ, ಆ ಮುಂಜಾನಿ ಚಳಿ ಇದು. ಕಡ್ಲಿ ಗಿಡದ ಹುಳಿ ಇಬ್ಬನಿ ವಾಸನಿ ಬರ್ಲಕತ್ತದ ನೋಡ್ರಿ.”

ಕಂಪನಿಯ ವಕೀಲರು ಎದ್ದರು. “ಚಳಿಗೆ ಎಲ್ಲಿಯ ವಾಸನೆ ಸ್ವಾಮಿ? ಇದು ಯಾವ ಊರಿನದಾದರೂ ಇರಬಹುದು.”

“ನೀವೂ ಇದೇ ಊರವರಲ್ಲವೇ?” ಎಂದರು ನ್ಯಾಯಾಧೀಶರು. “ಮೂಸಿ ನೋಡಿ.”

ವಕೀಲರು ಗತ್ತಿನಿಂದ ಬಗ್ಗಿದರು. ಬಗ್ಗಿದವರು ಏಳಲೇ ಇಲ್ಲ. ಕಣ್ಣು ಮುಚ್ಚಿಕೊಂಡೇ ಕರಿಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡರು. ಕಡೆಗೆ ಪೆಟ್ಟಿಗೆಯೊಳಗಿಂದಲೇ ಅವರ ದನಿ ಬಂತು:

“ಯವ್ವಾ, ಭಜ್ಜಿ ತಂದೀ ಏನು?”

ಇಡೀ ಕೋರ್ಟು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಚಂದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಬರ್ಕೊಳ್ರಿ,” ಎಂದರು ನ್ಯಾಯಾಧೀಶರು ಗುಮಾಸ್ತನಿಗೆ, “ಕಂಪನಿಯವರು ಒಪ್ಪಿಕೊಂಡಾರ.” ಹಾಗೆಂದವರು, ಸಹಿ ಹಾಕುವ ಮೊದಲು, ತಮ್ಮ ಕುರ್ಚಿಯನ್ನೂ ಪೆಟ್ಟಿಗೆಯ ಹತ್ತಿರಕ್ಕೆ ಎಳೆದುಕೊಂಡರು.