ಬಸ್ಸೇ ಬರಲಿಲ್ಲ

ನಿಲ್ದಾಣದ ಬೆಂಚಿನ ಮೇಲೆ ಅತ್ತಿಗೆ ಬಂದು ಕೂರುವುದು ಕಂಡದ್ದೇ ಅವಳು ಜಾಹೀರಾತಿನ ಹಲಗೆಯ ಹಿಂದೆ ಸರಿದು ನಿಂತಿದ್ದಳು. ಮನೆ ಕಡೆಯ ಬಸ್ಸು ಬಂತು, ನಿಂತಿತು. ಒಳಗೆ ಅರ್ಧಕ್ಕರ್ಧ ಖಾಲಿ. ಅತ್ತಿಗೆ ಏಳಲೇ ಇಲ್ಲ. ಹೀಗೆ ಹತ್ತದೆ ಬಿಟ್ಟ ಬಸ್ಸುಗಳಲ್ಲಿ ಇದು ಮೂರನೆಯದು!

ಹಲಗೆಯ ಹಿಂದೆ ನಿಂತವಳು ಸಾರಿಗೆ ಕಚೇರಿಯವಳು. ಯಾರು ಎಷ್ಟು ಹೊತ್ತು ಕಾದರೆಂದು ಕೈಗಡಿಯಾರ ನೋಡಿ ಬರೆದುಕೊಳ್ಳುವುದು, ಆಮೇಲೆ 'ನಿಮಗೆ ಎಷ್ಟು ಹೊತ್ತು ಅನ್ನಿಸಿತು?' ಎಂದು ಅವರನ್ನೇ ಕೇಳುವುದು, ಎರಡರ ಅಂತರದಿಂದ ಎಲ್ಲಿಗೆ ಎಷ್ಟು ಬಸ್ಸು ಬೇಕೆಂಬ ಸೂತ್ರ ಕಟ್ಟುವುದು ಅವಳ ಕೆಲಸ. ಐದು ನಿಮಿಷ ಕಾದವರೂ ಕಾಲು ಗಂಟೆಯೆಂದು ಮುಖ ಸಿಂಡರಿಸುತ್ತಾರೆ. ಅತ್ತಿಗೆ ದಿನಾ ತಡವಾಗಿ ಬಂದು "ಬಸ್ಸೇ ಬರಲಿಲ್ಲ ಕಣೇ" ಅನ್ನುತ್ತಿದ್ದಳಲ್ಲ, ಅದನ್ನು ನಂಬಿ, ಆ ದಾರಿಗೆ ಇನ್ನೊಂದು ಬಸ್ಸು ಬೇಕೆಂದು ಮೇಲಧಿಕಾರಿಯ ತಲೆ ತಿಂದು ಈ ನಿಲ್ದಾಣಕ್ಕೆ ಸರ್ವೆ ಹಾಕಿಸಿದವಳೂ ಅವಳೇ.

ಮನೆಯಲ್ಲಿ ಅಮ್ಮ ಹಾಸಿಗೆ ಹಿಡಿದಿದ್ದಾಳೆ. ಆಯಾ ಐದಕ್ಕೆ ಹೊರಟರೆ ಅತ್ತಿಗೆ ಬರುವತನಕ ತನ್ನದೇ ಪಾಳಿ. ಮಗ್ಗುಲು ಬದಲಿಸಬೇಕು, ನೀರು ಕುಡಿಸಬೇಕು, ಕುಡಿಸಿದ ಮೇಲೂ ಕುಡಿಸಲಿಲ್ಲವೆಂದು ಬೈಸಿಕೊಳ್ಳಬೇಕು. ಅಣ್ಣ ಕೋಣೆಯ ಬಾಗಿಲಲ್ಲೇ ನಿಂತು "ಹೇಗಿದ್ದೀಯಮ್ಮಾ?" ಎಂದು ಕೇಳಿ ಪೇಪರ್ ಹಿಡಿಯುವ ಪೈಕಿ. ಇವತ್ತು ಸಂಜೆಯ ಸರ್ವೆಗೆ ತಾನೇ ಬರಬೇಕಾಗಿ, ಬೇರೆ ದಾರಿಯಿಲ್ಲದೆ ಅವನನ್ನೇ ಅಮ್ಮನ ಹತ್ತಿರ ಕೂರಿಸಿ ಬಂದಿದ್ದಳು.

ನೆನೆದಷ್ಟೂ ಸಿಟ್ಟು ನೆತ್ತಿಗೇರಿತು. ನೇರ ಹೋಗಿ ಎದುರು ನಿಂತಳು. ಅತ್ತಿಗೆ ಗಡಬಡಿಸಿ ಚಪ್ಪಲಿಗೆ ಕಾಲು ತೂರಿಸಿದಳು.

"ಬಸ್ಸೇ..."

"ಮೂರು ಬಸ್ಸು ಹೋದ್ವು ಅತ್ತಿಗೆ. ಕಣ್ಣಾರೆ ನೋಡಿದ್ದೀನಿ."

ಅತ್ತಿಗೆಯ ತಲೆ ತಗ್ಗಿತು. "ಹೊಲಿಗೆ ಅಂಗಡೀಲಿ ಓನರ್ ಕರೀತಾನೇ ಇರ್ತಾರೆ. ಮನೇಲಿ ಅತ್ತೆ ಕರೀತಾರೆ, ನಿಮ್ಮಣ್ಣ ಕರೀತಾರೆ. ಈ ಬೆಂಚಿನ ಮೇಲೆ ಮಾತ್ರ ನನ್ನನ್ನ ಯಾರೂ ಕರೆಯಲ್ಲ ಕಣೇ. ನಿನಗೆ ಕಷ್ಟ ಆಗುತ್ತೆ, ಗೊತ್ತು. ತಪ್ಪೇ. ಆದ್ರೆ ನಿಮ್ಮಣ್ಣಂಗೆ ಹೇಳ್ಬೇಡ, ಕೆಲಸಾನೇ ಬಿಡಿಸಿಬಿಡ್ತಾರೆ."

ಬೈಯಲು ಬಾಯಿ ತೆರೆದವಳಿಗೆ ಅಭ್ಯಾಸಬಲದಿಂದ ಬೇರೆಯೇ ಮಾತು ಬಂತು. "ಕೂತು ಎಷ್ಟು ಹೊತ್ತಾಯ್ತು ಅನ್ಸುತ್ತೆ?"

"ಈಗ ತಾನೇ ಕೂತ ಹಾಗಿದೆ."

ಮುಕ್ಕಾಲು ಗಂಟೆಯಾಗಿತ್ತು. ಇಷ್ಟು ವರ್ಷದ ನೌಕರಿಯಲ್ಲಿ, ಕಾದ ಹೊತ್ತನ್ನು ಕಡಿಮೆ ಮಾಡಿ ಹೇಳಿದವಳು ಅತ್ತಿಗೆಯೊಬ್ಬಳೇ. ಸಿಟ್ಟು ಅರ್ಧ ಇಳಿಯಿತು. ಉಳಿದರ್ಧವನ್ನು ಯಾರ ಮೇಲೆ ಹಾಕಬೇಕೋ ತಿಳಿಯಲಿಲ್ಲ.

ಇಬ್ಬರೂ ಮನೆ ಮುಟ್ಟಿದಾಗ ಅಣ್ಣ ಹೊಸ್ತಿಲಲ್ಲೇ ನಿಂತಿದ್ದ. ಅಂಗಿಯ ಮೇಲೆಲ್ಲ ಹಾಲು ಚೆಲ್ಲಿತ್ತು.

"ಮೂರು ಗಂಟೆ ಹೊತ್ತು ಒಬ್ಬನೇ ಒದ್ದಾಡಿದ್ದೀನಿ!"

"ಒಂದೂಕಾಲು ಗಂಟೆಯಷ್ಟೇ ಆಗಿರೋದು ಅಣ್ಣ."

"ನಿನ್ನ ವಾಚು ಕೆಟ್ಟಿದೆ." ಅವನು ಹೆಂಡತಿಯ ಕಡೆ ತಿರುಗಿದ. "ಇವತ್ತೂ ಬಸ್ಸು ಬರಲಿಲ್ವಾ?"

ಅತ್ತಿಗೆ ಬಗ್ಗಿ ಚಪ್ಪಲಿ ಬಿಡತೊಡಗಿದಳು. ಅಣ್ಣ ತಂಗಿಯನ್ನೇ ಹಿಡಿದ. "ನೀನು ಅಲ್ಲೇ ಇದ್ಯಲ್ಲ, ನೀನೇ ಹೇಳು. ಆ ಸ್ಟಾಪಿಗೆ ಬಸ್ಸು ಬರುತ್ತೋ ಇಲ್ವೋ?"

ಒಂದು ನಿಮಿಷವನ್ನೂ ಆಚೀಚೆ ಬರೆದವಳಲ್ಲ ಅವಳು. "ತುಂಬಾ ಕಮ್ಮಿ ಅಣ್ಣ."

"ಹಾಗಿದ್ರೆ ನಾಳೆಯಿಂದ ನಾನೇ ಸ್ಕೂಟರಲ್ಲಿ ಹೋಗಿ ಕರ್ಕೊಂಡು ಬರ್ತೀನಿ. ಈ ಬಸ್ಸಿನ ರಗಳೆಯೇ ಬೇಡ."

ಅತ್ತಿಗೆಯ ಮುಖ ಬಾಡಿತು. ಒಳಗಿನಿಂದ ಅಮ್ಮ ಕೂಗಿದಳು. ಮೂವರಲ್ಲಿ ಯಾರ ಕಾಲೂ ಮುಂದಾಗಲಿಲ್ಲ.

"ಬೇಡ ಅಣ್ಣ," ಎಂದಳು ಅವಳು. "ನೀನು ಸ್ಕೂಟರಲ್ಲಿ ನೆಟ್ಟಗೆ ಮನೆಗೆ ಬಂದು ಅಮ್ಮನ ಹತ್ರ ಕೂತ್ಕೋ. ಅತ್ತಿಗೆ ಬಸ್ಸು ಬಂದಾಗ ಬರ್ಲಿ."