ಡಬ್ಬದ ಕಾಳಿಗೆ ಸೊಗಡು

ಮಾವನ ಕೆಮ್ಮು ಕೇಳಿದ ಕೂಡಲೇ ಹಂಸ ಖಾಲಿ ಡಬ್ಬವನ್ನು ಅಕ್ಕಿ ಡ್ರಮ್ಮಿನ ಹಿಂದಕ್ಕೆ ತಳ್ಳಿದಳು. ತಗಡು ಗೋಡೆಗೆ ತಾಗಿ ಟಣ್ ಎಂದಿತು.

"ಏನಮ್ಮ ಅದು?"

"ಲೋಟ ಬಿತ್ತು ಮಾವ."

ದೊಡ್ಡಮುನಿಯಪ್ಪ ಅಡುಗೆಮನೆ ಬಾಗಿಲಲ್ಲೇ ನಿಂತರು. ಕೈಯಲ್ಲಿ ಶಿವಾಜಿನಗರದ ಬಟ್ಟೆ ಅಂಗಡಿಯ ಕವರು. ಒಳಗೆ ಹೆಂಡತಿಗೆಂದು ತಂದ ಹಸಿರು ಸೀರೆ, ಎಲೆಅಡಿಕೆಗೆ ಒಂದು ಪೊಟ್ಟಣ ಕಡ್ಡಿಪುಡಿ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವರೇ ಆರಿಸಿ ತಂದ ಮೊದಲ ಸೀರೆ ಅದು.

"ಅವ್ಳಿಗೆ ಈ ಬಣ್ಣ ಒಪ್ಪುತ್ತೆ ಅಲ್ವಾ?" ಎಂದರು. ಆಮೇಲೆ, "ಅವರೆ ಸಿಕ್ತಾ?"

"ಸಿಕ್ತು ಮಾವ. ಚಿಂತಾಮಣಿ ಕಡೇದು."

ಸುಳ್ಳು ಇಷ್ಟು ಸಲೀಸಾಗಿ ಬಂದದ್ದಕ್ಕೆ ಹಂಸಳಿಗೇ ನಾಚಿಕೆಯಾಯಿತು.

"ಬೇರೆ ಏನ್ ಮಾಡ್ತೀಯೋ ಬಿಡ್ತೀಯೋ, ಹಿತಕಿದ ಬೇಳೆ ಸಾರು ಮಾತ್ರ ಇರ್ಲೇಬೇಕು. ಅದಕ್ಕೇ ಕಾಯ್ತಾ ಇರ್ತಾಳೆ ಅವ್ಳು."

ಎರಡು ಸಾವಿರದ ಮೂರರ ಸೆಪ್ಟೆಂಬರ್. ಅವರೆಕಾಯಿ ಬರಲು ಇನ್ನೂ ಎರಡು ತಿಂಗಳು. ರಸೆಲ್ ಮಾರ್ಕೆಟ್ಟನ್ನು ಹಂಸ ಮೂರು ಸಲ ಸುತ್ತಿದ್ದಳು. ಕೊನೆಗೆ ಫಾರಿನ್ ಸಾಮಾನು ಮಾರುವ ಒಂದು ಸಣ್ಣ ಅಂಗಡಿಯಲ್ಲಿ ಕಣ್ಣಿಗೆ ಬಿದ್ದದ್ದು ಈ ಡಬ್ಬ. ಮೇಲಿನ ಚಿತ್ರದಲ್ಲಿ ದಪ್ಪ ಬಿಳಿ ಕಾಳು, ಉಪ್ಪುನೀರಲ್ಲಿ ಬೇಯಿಸಿಟ್ಟದ್ದು. ಸಿಪ್ಪೆ ತೆಗೆದರೆ ಅವರೆಬೇಳೆ ಅಲ್ಲ ಎನ್ನಲು ಧೈರ್ಯ ಬೇಕು. ಮೂರು ಡಬ್ಬ ತಂದಳು.

ಮೊದಲನೆಯದನ್ನು ಭಾನುವಾರ ಮಾಡಿ ನೋಡಿದಳು. ಲೋಳೆ, ಉಪ್ಪು, ಜೊತೆಗೆ ತಗಡಿನ ವಾಸನೆ. ಗಂಡ ಜಗನ್ ಒಂದು ತುತ್ತು ತಿಂದು ತಟ್ಟೆ ಸರಿಸಿದ.

"ಇದನ್ನ ಅಮ್ಮಂಗೆ ಬಡಿಸ್ತೀಯಾ?"

ಬೈದಿದ್ದರೆ ವಾಸಿಯಿತ್ತು. ಅವನು ಮೆಲ್ಲಗೆ ಕೇಳಿದ.

ಹಂಸ ಕೆಲಸಕ್ಕೆ ಹೋಗುವ ಮಹದೇವಪುರದ ಗಾರ್ಮೆಂಟ್ಸಿನಲ್ಲಿ ಪಕ್ಕದ ಮೆಷಿನ್ನಿನ ಇಮಾಮ್ ಬೀ ಉಪಾಯ ಹೇಳಿದಳು. "ಡಬ್ಬಿ ನೀರು ಒಂದು ತೊಟ್ಟೂ ಬೇಡ. ಮೂರು ಸಲ ತೊಳಿ. ಅರಿಶಿನ ಹಾಕಿ ಒಂದು ಕುದಿ ಕುದಿಸಿ ಬಸಿ. ಆಮೇಲೆ ಮಸಾಲೇಲಿ ಚೆನ್ನಾಗಿ ಬಾಡಿಸು. ಉಪ್ಪು ಮಾತ್ರ ಕೈ ಬಿಗಿ ಹಿಡಿ."

ಎರಡನೆಯ ಡಬ್ಬ ಹಾಗೆ ಮಾಡಿದ್ದು ಬಾಯಿಗಿಡುವಂತಾಯಿತು. ಆದರೆ ಸೊಗಡು ಇರಲಿಲ್ಲ. ಸೊಗಡಿಲ್ಲದ ಅವರೆಯನ್ನು ಅತ್ತೆ ಪಟಾಲಮ್ಮನ ಮುಂದಿಡುವುದುಂಟೇ? ಕಾಯಿ ಮೂಸಿ ಯಾವ ಊರಿನ ಹೊಲದ್ದೆಂದು ಹೇಳುವ ಮೂಗು ಅದು.

ಈಗ ಉಳಿದಿದ್ದು ಮೂರನೆಯ ಡಬ್ಬದ ಕಾಳು. ಅತ್ತೆಯ ಎಲೆಗೆ ಬೀಳುವ ಮುಂಚೆ ಉಪ್ಪು ನೋಡುವ ಹಾಗೂ ಇಲ್ಲ. ಅದು ಮಾವನ ಕಟ್ಟಪ್ಪಣೆ. ಬೆಳಗಿನಿಂದ ಮನೆಯಲ್ಲಿ ಯಾರ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ.

ಹಂಸ ನೆಲದಲ್ಲಿ ಕೂತು, ತೊಳೆದು ಬಸಿದ ಕಾಳನ್ನು ಒಂದೊಂದೇ ಹಿತಕತೊಡಗಿದಳು. ಬೇಡವೆಂದರೂ ಜನವರಿಯ ಆ ಸಂಜೆ ನೆನಪಿಗೆ ಬಂತು. ಪಟಾಲಮ್ಮ ಒಂದು ಬೋಸಿ ಅವರೆಕಾಳು ನೆನೆಸಿಕೊಂಡು ಕೂತಿದ್ದರು.

"ಒಂದಷ್ಟು ಹಿತಕಿಕೊಡು ಹಂಸ. ಎಡಗೈ ಯಾಕೋ ಸೋಲ್ತಾ ಇದೆ."

ಓವರ್‌ಟೈಮ್ ಮುಗಿಸಿ ಬಂದ ಹಂಸ ಚಪ್ಪಲಿಯನ್ನೂ ಬಿಟ್ಟಿರಲಿಲ್ಲ. "ನಿಮ್ಮ ನಾಲಿಗೆ ಚಪಲಕ್ಕೆ ದುಡಿಯಕ್ಕೆ ನನ್ ಕೈಲಾಗಲ್ಲ ಅತ್ತೆ. ನಾಳೆ ನೋಡಣ."

ಪಟಾಲಮ್ಮ ಬೋಸಿಯನ್ನು ಮೂಲೆಗೆ ಸರಿಸಿ ಎದ್ದರು. ಬೆಳಗಾಗುತ್ತಲೇ ಜಗನ್ ಓಡಿಹೋಗಿ ಆಟೋ ತಂದ. ಅತ್ತೆ ಸೆರಗನ್ನು ಎದೆಗೆ ಒತ್ತಿ ಹಿಡಿದು, ಮುಖ ಬಿಗಿದುಕೊಂಡು ಹತ್ತಿ ಕೂತರು. ಸೊಸೆಯ ಕಡೆ ತಿರುಗಲಿಲ್ಲ. ಅಲ್ಲಿಂದೀಚೆಗೆ ಈ ಹೊಸ್ತಿಲ ಮೇಲೆ ಅವರು ಕಾಲಿಟ್ಟಿಲ್ಲ, ಹಂಸಳ ಜೊತೆ ಒಂದು ಮಾತೂ ಇಲ್ಲ. ನೆನೆಸಿದ ಅವರೆ ಮೂರು ದಿನ ಬೋಸಿಯಲ್ಲೇ ಉಳಿದು ಹುಳಿ ನಾತ ಹೊಡೆಯಿತು. ಅದನ್ನು ಚೆಲ್ಲಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಒಂಬತ್ತು ತಿಂಗಳಿಂದ ಹಂಸ ಒಂದು ಮಾತನ್ನು ಒಳಗೇ ಇಟ್ಟುಕೊಂಡಿದ್ದಳು. ಇವತ್ತು ಅದನ್ನು ಅತ್ತೆಗೆ ಹೇಳಲೇಬೇಕು. ಆದರೆ ಮೊದಲು ಸಾರು.

ಬೇಳೆಯನ್ನು ಮೂಸಿದಳು. ತಗಡಿನ ವಾಸನೆ ಹೋಗಿತ್ತು, ಬೇರೆ ಯಾವ ವಾಸನೆಯೂ ಇರಲಿಲ್ಲ. ಆಗ ಬಚ್ಚಲ ಗೋಡೆಯ ಮೇಲಿನ ಬಳ್ಳಿ ಜ್ಞಾಪಕಕ್ಕೆ ಬಂತು. ಪಟಾಲಮ್ಮನೇ ಬೀಜ ಊರಿ ಹಬ್ಬಿಸಿದ ಚಪ್ಪರದವರೆ. ಕಾಳು ಕಟ್ಟದ ಚಪ್ಪಟೆ ಎಳೆಕಾಯಿ ಒಂದು ಹಿಡಿಯಷ್ಟು ಸಿಕ್ಕಿತು. ಜಜ್ಜಿ ನೀರಿಗೆ ಹಾಕಿ ಕುದಿಸಿ, ಆ ನೀರನ್ನು ಸೋಸಿ ಬೇಳೆಗೆ ಸುರಿದಳು. ಹುರಿದ ಕೊಬ್ಬರಿ, ಗಸಗಸೆ, ಬೆಳ್ಳುಳ್ಳಿ ಮಸಾಲೆ ಹಾಕಿ ಮುಚ್ಚಿದಳು.

ಮುಚ್ಚಳ ತೆಗೆದಾಗ ನಡುಮನೆಯಿಂದ ಮಾವನ ದನಿ ಬಂತು. "ಬಂತು ನೋಡಮ್ಮ ಸೊಗಡು. ಚಿಂತಾಮಣಿ ಅವರೆ ಅಂದ್ರೆ ಸುಮ್ನೇನಾ?"

ಹಂಸ ಸೆರಗಿನಿಂದ ಮುಖ ಒರೆಸಿಕೊಂಡಳು.

ಮಧ್ಯಾಹ್ನ ಒಂದು ಗಂಟೆಗೆ ಒಳಕೋಣೆಯಲ್ಲಿ ಬಾಳೆಎಲೆ ಹಾಸಿ ಬಡಿಸಿದಳು. ಮುದ್ದೆ, ಅನ್ನ, ವಡೆ, ಕೊನೆಗೆ ಸಾರು. ದೊಡ್ಡಮುನಿಯಪ್ಪ ಎಲೆಯ ಪಕ್ಕ ಸೀರೆಯನ್ನೂ ಕಡ್ಡಿಪುಡಿಯನ್ನೂ ಇಟ್ಟರು.

"ನಡೀರಿ ಆಚೆ. ಅವ್ಳು ಊಟ ಮಾಡುವಾಗ ಯಾರೂ ನೋಡಬಾರ್ದು," ಎಂದು ಬಾಗಿಲು ಎಳೆದುಕೊಂಡರು.

ಮೂವರೂ ಹೊರಗೆ ಹಸಿದು ಕೂತರು. ಜಗನ್ ತಲೆಯೆತ್ತಲಿಲ್ಲ. ಹತ್ತು ನಿಮಿಷ ಕಳೆದ ಮೇಲೆ ಮಾವ ಮೂರು ಸಲ ಬಾಗಿಲು ತಟ್ಟಿ, "ಹೋಗಮ್ಮ, ಮೊದ್ಲು ನೀನು ಹೋಗು," ಎಂದರು.

ಎಲೆ ಬಡಿಸಿದ ಹಾಗೆಯೇ ಇತ್ತು. ಸೀರೆಯ ಮಡಿಕೆ ಬಿಚ್ಚಿರಲಿಲ್ಲ. ಹಂಸ ಮಂಡಿಯೂರಿ ಕೂತು, ದೀಪದ ಹಿಂದೆ ಹಾರ ಹಾಕಿಟ್ಟಿದ್ದ ಫೋಟೋಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದಳು: "ಡಬ್ಬದ್ದು ಅತ್ತೆ. ಅವತ್ತು ಸಂಜೆ ನಾನು ಹಿತಕಿಕೊಟ್ಟಿದ್ರೆ, ನಮ್ಮ ಅವರೇನೇ ತಿಂದು ಹೋಗ್ತಿದ್ರಿ."